ಹಿಂದಿನಿಂದ ಬರುವವನ ಹೊಣೆ

ಲಂಡನ್ ನಗರದ ರೀಜೆಂಟ್ಸ್ ಪಾರ್ಕಿನ ಉತ್ತರದ ಅಂಚನ್ನು ಬಳಸಿಕೊಂಡು ಹೋಗುವ ರೀಜೆಂಟ್ಸ್ ನಾಲೆಯ ಮೇಲೆ ಮ್ಯಾಕಲ್ಸ್‌ಫೀಲ್ಡ್ ಸೇತುವೆಯೆಂಬ ಒಂದು ಸೇತುವೆಯುಂಟು. ಅದನ್ನು ಹೊತ್ತು ನಿಂತಿರುವ ಎರಕದ ಕಬ್ಬಿಣದ ಕಂಬಗಳ ಮೈಯನ್ನು ಹತ್ತಿರ ಹೋಗಿ ತಡವಿ ನೋಡಿದರೆ, ಯಾರೋ ಅರದಿಂದ ಉಜ್ಜಿ ಕೊರೆದಂತಿರುವ ನುಣುಪಾದ ಗೀರುಗಳು ಒಂದರ ಮೇಲೊಂದು ಬೆರಳಿಗೆ ಸಿಕ್ಕುತ್ತವೆ. ದೋಣಿಗಳನ್ನು ಎಳೆಯುತ್ತಿದ್ದ ಕುದುರೆಗಳ ಹಗ್ಗ, ನೀರಿನಲ್ಲಿ ತೊಯ್ದು ಮಣ್ಣನ್ನೂ ಮರಳನ್ನೂ ಮೆತ್ತಿಕೊಂಡ ಹಗ್ಗ, ದಶಕಗಳ ಕಾಲ ಕಬ್ಬಿಣಕ್ಕೆ ಒರಸಿಕೊಂಡು ಹೋಗಿ ಮಾಡಿದ ಗುರುತುಗಳು ಅವು. 1874ನೆಯ ಇಸವಿ ಅಕ್ಟೋಬರ್ 2ರಂದು ಸಿಡಿಮದ್ದು ಹೇರಿಕೊಂಡಿದ್ದ ದೋಣಿಯೊಂದು ಇದೇ ಸೇತುವೆಯ ಕೆಳಗೆ ಸ್ಫೋಟಿಸಿ ಸೇತುವೆ ಕುಸಿದುಬಿತ್ತು. ಮರಳಿ ಕಟ್ಟುವಾಗ ಹಳೆಯ ಕಂಬಗಳನ್ನೇ ಎತ್ತಿ, ಮುಖ ತಿರುಗಿಸಿ ನಿಲ್ಲಿಸಿದರು. ಆದುದರಿಂದ ಸ್ಫೋಟಕ್ಕೆ ಮುಂಚಿನ ಗೀರುಗಳು ಕಂಬದ ಒಂದು ಮಗ್ಗುಲಲ್ಲಿಯೂ, ಆಮೇಲಿನವು ಇನ್ನೊಂದು ಮಗ್ಗುಲಲ್ಲಿಯೂ ಇವೆ.

ಆ ಕಂಬಗಳ ಬುಡದಲ್ಲಿ, ಒಂದು ಕಡೆ ನೀರು, ಇನ್ನೊಂದು ಕಡೆ ಗೋಡೆ ಅಥವಾ ದಿಬ್ಬ, ಇವೆರಡರ ನಡುವೆ ಸಾಗುವ ಕಿರಿದಾದ ಏರಿದಾರಿಯೇ ಈ ಬರಹದ ವಸ್ತು. 1761ರಲ್ಲಿ ಬ್ರಿಡ್ಜ್‌ವಾಟರ್ ಡ್ಯೂಕನು ವರ್ಸ್ಲಿಯ ತನ್ನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನತ್ತ ಸಾಗಿಸುವುದಕ್ಕಾಗಿ ನಾಲೆಯೊಂದನ್ನು ತೆರೆದ ತರುವಾಯ, ಇಂಗ್ಲೆಂಡಿನ ಉದ್ದಗಲಕ್ಕೂ ಇಂತಹ ನಾಲೆಗಳೂ, ಪ್ರತಿಯೊಂದು ನಾಲೆಯ ಒಡನೆ ಇಂತಹ ಒಂದು ದಾರಿಯೂ ಹುಟ್ಟಿಕೊಂಡವು. ಸುಮಾರು 30 ಟನ್ ಭಾರ ಹೊತ್ತ ದೋಣಿಯನ್ನು ನೀರಿನ ಮೇಲೆ ಒಂದೇ ಕುದುರೆ ಎಳೆಯಬಲ್ಲುದಾಗಿತ್ತು. ಆ ಕುದುರೆಗೆ ಕಾಲಿಡಲು ಎಷ್ಟು ಬೇಕೋ ಅಷ್ಟು ಅಗಲ, ಅದನ್ನು ನಡೆಸುವ ಆಳಿಗೆ ಎಷ್ಟು ಬೇಕೋ ಅಷ್ಟು, ಅದಕ್ಕಿಂತ ಹೆಚ್ಚಿನದನ್ನು ದುಬಾರಿಯ ಭೂಮಿಯಿಂದ ಕತ್ತರಿಸಿಕೊಳ್ಳಲು ಹಣ ಹೂಡಿದವರು ಒಪ್ಪಲಿಲ್ಲ. ದಾರಿ ನಾಲೆಯ ಒಂದು ದಂಡೆಯಿಂದ ಮತ್ತೊಂದಕ್ಕೆ ದಾಟಬೇಕಾದ ಕಡೆಗಳಲ್ಲಿ, ಹಗ್ಗವನ್ನು ಬಿಚ್ಚದೆಯೇ ಕುದುರೆ ಸೇತುವೆಯನ್ನೇರಿ ಸುತ್ತಿ ಇಳಿಯುವಂತೆ ಕಲ್ಲಿನ ಸುರುಳಿ ಸೇತುವೆಗಳನ್ನು ಕಟ್ಟಿದ ಆ ಶಿಲ್ಪಿಗಳ ಜಾಣತನವನ್ನು ಉತ್ತರ ಇಂಗ್ಲೆಂಡಿನ ನಾಲೆಗಳಲ್ಲಿ ಈಗಲೂ ಕಣ್ಣಾರೆ ನೋಡಬಹುದು. ರೀಜೆಂಟ್ಸ್ ನಾಲೆ ಪ್ಯಾಡಿಂಗ್ಟನ್ನಿನಿಂದ ಥೇಮ್ಸ್ ದಂಡೆಯ ಲೈಮ್‌ಹೌಸ್‌ವರೆಗೆ ಪೂರ್ತಿಯಾಗಿ ತೆರೆದುದು 1820ರಲ್ಲಿ. ಅಂದಿನ ಎಣಿಕೆಯೆಲ್ಲ ನಡೆಯುವ ಕುದುರೆಯ ಹೆಜ್ಜೆಯದು. ಈಗಲೂ ಇಂಗ್ಲೆಂಡಿನ ಬಹುಪಾಲು ನಾಲೆಗಳಲ್ಲಿ ದೋಣಿಗೆ ಗಂಟೆಗೆ 4 ಮೈಲಿಯ ಮಿತಿಯಿದೆ. ಬಿರುಸಾಗಿ ನಡೆಯುವ ಮನುಷ್ಯ ದೋಣಿಯನ್ನು ಹಿಂದೆ ಹಾಕಿಬಿಡಬಲ್ಲ.

ರೈಲುಗಳು ಬಂದವು, ಆಮೇಲೆ ಲಾರಿಗಳು ಬಂದವು, ಕುದುರೆಗಳು ಹೋದವು. 1948ರಲ್ಲಿ ನಾಲೆಗಳು ರಾಷ್ಟ್ರದ ಸ್ವತ್ತಾದವು. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2000 ಮೈಲಿ ನಾಲೆ ಮತ್ತು ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆ ನೋಡಿಕೊಳ್ಳುತ್ತಿದೆ. ಕೆಲಸವಿಲ್ಲದೆ ಬಿದ್ದಿದ್ದ ಏರಿದಾರಿಗೆ, ನಗರದ ರಸ್ತೆಗಳಲ್ಲಿ ಮೋಟಾರುಗಳ ಹಾವಳಿ ಹೆಚ್ಚಿದಂತೆಲ್ಲ, ಹೊಸ ಜನ ಬಂದು ಸೇರಿದರು: ನಸುಕಿನಲ್ಲಿ ಓಡುವವರು, ನಾಯಿಯನ್ನು ತಿರುಗಾಡಿಸುವವರು, ಗಾಳ ಹಾಕಿ ಕುಳಿತ ಬೆಸ್ತರು, ದೋಣಿಯನ್ನೇ ಮನೆ ಮಾಡಿಕೊಂಡು ಅದರ ಬಾಗಿಲಿನಿಂದ ನೇರವಾಗಿ ದಾರಿಗೆ ಕಾಲಿಡುವವರು, ಮಕ್ಕಳ ಗಾಡಿ ತಳ್ಳುವ ತಾಯಂದಿರು, ಕಚೇರಿಗೆ ಹೊರಟ ಬೈಸಿಕಲ್ ಸವಾರರು. ಈ ಸವಾರರನ್ನು ದೂಷಿಸುವುದಕ್ಕೆ ಮುಂಚೆ ಅವರು ಇಲ್ಲಿಗೆ ಬಂದುದು ಏಕೆ ಎಂಬುದನ್ನು ಮರೆಯಬಾರದು. ಮೇಲಿನ ರಸ್ತೆಯಲ್ಲಿ ಬಸ್ಸಿಗೂ ಲಾರಿಗೂ ನಡುವೆ ಜೀವವನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದಕ್ಕಿಂತ ನೀರಿನ ಪಕ್ಕದ ಈ ದಾರಿ ಲೇಸು ಎಂದು ಅವರು ಬಗೆದರೆ ಅದು ಅವರ ತಪ್ಪಲ್ಲ. ಬಲಿಷ್ಠನಿಂದ ತಪ್ಪಿಸಿಕೊಂಡು ಬಂದವನು ತನಗಿಂತ ದುರ್ಬಲನಿರುವ ಜಾಗದಲ್ಲಿ ಆಶ್ರಯ ಪಡೆದಿದ್ದಾನೆ, ಅಷ್ಟೆ. ಹಾಗೆ ಆಶ್ರಯ ಪಡೆದವನು ಅಲ್ಲಿ ತಾನೇ ಬಲಿಷ್ಠನಾಗಿಬಿಡುತ್ತಾನೆ ಎಂಬುದೇ ತೊಡಕಿನ ಮೂಲ.

ಕ್ಯಾಮ್ಡನ್ನಿನಿಂದ ಪೂರ್ವಕ್ಕೆ ಕಿಂಗ್ಸ್ ಕ್ರಾಸ್, ಆಮೇಲೆ ಹ್ಯಾಕ್ನಿ, ವಿಕ್ಟೋರಿಯಾ ಪಾರ್ಕ್ ಎಂದು ಹೋಗುವ ಈ ದಾರಿಯನ್ನು ವಾರದ ದಿನ ಬೆಳಗಿನ ಎಂಟೂವರೆಯ ಹೊತ್ತಿಗೆ ನಡೆದು ನೋಡಬೇಕು. ಲಂಡನ್ನಿನಲ್ಲಿ ಕೆಲಸದಲ್ಲಿರುವ ಮಗನ ಅಥವಾ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ನಮ್ಮ ಕಡೆಯ ಹಿರಿಯರು, ಬೆಳಗಿನ ವಾಕಿಂಗಿಗೆಂದು ಉಣ್ಣೆಯ ಟೋಪಿ ಹಾಕಿಕೊಂಡು ಇಂತಹ ದಾರಿಗಳಲ್ಲಿಯೇ ನಡೆಯುತ್ತಿರುವುದನ್ನು ಕಾಣಬಹುದು. ಅಂತಹ ದಂಪತಿಗಳೊಬ್ಬರನ್ನು ನಾನು ನೋಡಿದ್ದು ಸೇತುವೆಯೊಂದರ ಕೆಳಗೆ. ಸೇತುವೆಯ ಕೆಳಗೆ ಬಂದಾಗ ದಾರಿ ಕುಗ್ಗುತ್ತದೆ, ಗೋಡೆ ಬಾಗಿ ತಲೆಯ ಹತ್ತಿರ ಬರುತ್ತದೆ, ತಿರುವಿನಾಚೆ ಏನಿದೆಯೆಂಬುದು ಕಾಣುವುದಿಲ್ಲ. ಹಿಂದಿನಿಂದ ಗಂಟೆಯ ಸದ್ದು ಕೇಳಿತು. ಯಜಮಾನರು ಯಾರೆಂದು ನೋಡಲು ಬಲಭುಜದ ಮೇಲಿಂದ ತಿರುಗಿದರು. ತಿರುಗುವವನ ಕಾಲು ತಿರುಗಿದ ಕಡೆಗೇ ಒಂದು ಹೆಜ್ಜೆ ಸರಿಯುವುದು ಸಹಜ. ಸವಾರನು ಹಾದುಹೋಗಲು ಆರಿಸಿಕೊಂಡಿದ್ದುದೂ ಬಲಮಗ್ಗುಲನ್ನೇ. “ರೀ, ಈ ಕಡೆ ಬನ್ನಿ” ಎಂದು ಅವರ ಶ್ರೀಮತಿಯವರು ತೋಳು ಹಿಡಿದು ಗೋಡೆಗೆ ಎಳೆದುಕೊಂಡರು. ಯಾರಿಗೂ ಏಟಾಗಲಿಲ್ಲ. ಸವಾರನು ಥ್ಯಾಂಕ್ಸ್ ಎಂದು ಹೇಳಿಯೇ ಹೋದನು. ಗಂಟೆ ಬಾರಿಸಿದ್ದನು, ಕೃತಜ್ಞತೆ ಹೇಳಿದ್ದನು, ತನ್ನ ಪಾಲಿನ ಮರ್ಯಾದೆಯನ್ನು ಪೂರೈಸಿದೆನೆಂದೇ ಅವನು ನಂಬಿದ್ದಿರಬೇಕು. ಆದರೆ ಆ ಇಬ್ಬರು ಅಲ್ಲಿಂದ ಮುಂದೆ ಒಬ್ಬರ ಹಿಂದೊಬ್ಬರಾಗಿ, ಮಾತು ನಿಲ್ಲಿಸಿ, ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ ನಡೆದರು. ಬೆಳಗಿನ ನಡಿಗೆಯ ಸುಖವೆಂಬುದು ಯಾವುದೋ ಅದು ಅವರಿಂದ ಹೋಗಿಬಿಟ್ಟಿತ್ತು. ಅಪಘಾತಗಳ ಲೆಕ್ಕ ಬರೆಯುವ ಯಾವ ಪುಸ್ತಕದಲ್ಲಿಯೂ ಈ ನಷ್ಟ ದಾಖಲಾಗುವುದಿಲ್ಲ. ಹಲವರು ಆ ದಾರಿಗೆ ಬರುವುದನ್ನೇ ಬಿಟ್ಟುಬಿಟ್ಟರೆ ಅದೂ ದಾಖಲಾಗುವುದಿಲ್ಲ.

ಅಲ್ಲಿ ನಡೆದುದೇನು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ನಡೆಯುವವನ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು. ಸವಾರನು 20ರ ವೇಗದಲ್ಲಿ ಬರುತ್ತಿದ್ದನೆಂದುಕೊಳ್ಳೋಣ, ಆರೋಗ್ಯವಂತನಿಗೆ ಅದೇನೂ ಭಾರಿಯಲ್ಲ. ಇಬ್ಬರ ನಡುವಣ ಅಂತರ ಸೆಕೆಂಡಿಗೆ 4 ಮೀಟರಿಗಿಂತ ತುಸು ಹೆಚ್ಚಾಗಿ ಕರಗುತ್ತದೆ. ಎಂಟು ಮೀಟರು ಹಿಂದಿನಿಂದ ಗಂಟೆ ಬಾರಿಸಿದರೆ ಮುಂದಿರುವವನಿಗೆ ಸಿಕ್ಕುವ ಕಾಲ ಎರಡು ಸೆಕೆಂಡೂ ಇಲ್ಲ. ಆ ಎರಡು ಸೆಕೆಂಡಿನಲ್ಲಿ ಅವನು ಸದ್ದನ್ನು ಕೇಳಬೇಕು, ಅದು ತನಗಾಗಿ ಎಂದು ತಿಳಿಯಬೇಕು, ಯಾವ ಕಡೆಗೆ ಸರಿಯುವುದೆಂದು ನಿಶ್ಚಯಿಸಬೇಕು, ಮಂಡಿ ನೋವಿದ್ದರೆ ಅದರೊಡನೆ ಜಗಳವಾಡಿ ಸರಿಯಬೇಕು. ಸವಾರನು ವೇಗವನ್ನು ಅರ್ಧಕ್ಕೆ, ಎಂದರೆ 10ಕ್ಕೆ ಇಳಿಸಿದನೆನ್ನೋಣ. ಮೇಲುನೋಟಕ್ಕೆ ಮುಂದಿರುವವನಿಗೆ ಇಮ್ಮಡಿ ಕಾಲ ಸಿಗಬೇಕೆಂದು ತೋರುತ್ತದೆ. ವಾಸ್ತವವಾಗಿ ಸಿಗುವುದು ಮುಮ್ಮಡಿ: ಇಬ್ಬರ ವೇಗದ ವ್ಯತ್ಯಾಸ 15ರಿಂದ 5ಕ್ಕೆ ಇಳಿದಿರುವುದರಿಂದ ಅದೇ ಎಂಟು ಮೀಟರು ಕರಗಲು ಸುಮಾರು ಆರು ಸೆಕೆಂಡು ಹಿಡಿಯುತ್ತದೆ. ಇನ್ನು ಏಟೇ ಬಿದ್ದರೂ, ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗವನ್ನನುಸರಿಸುವುದರಿಂದ, ಅರ್ಧ ವೇಗದ ಏಟು ಕಾಲು ಪಾಲಿನದು. ಇಷ್ಟು ಲಾಭಕ್ಕೆ ಸವಾರನು ತೆರುವ ಬೆಲೆಯೇನು? ನೂರು ಮೀಟರಿನುದ್ದಕ್ಕೂ ಅರ್ಧ ವೇಗದಲ್ಲಿ ಹೋದರೆ ಅವನು ಕಳೆದುಕೊಳ್ಳುವುದು 18 ಸೆಕೆಂಡು. ವೇಗವನ್ನು ಇಳಿಸಿ ಮತ್ತೆ ಏರಿಸುವುದಕ್ಕೆ ಕಾಲಿನ ಶ್ರಮ ಬೇಕು, ತೀರ ನಿಧಾನವಾದರೆ ಬೈಸಿಕಲ್ಲು ತೂರಾಡುತ್ತದೆ ಎಂಬುದು ನಿಜ. ಆ ಶ್ರಮವನ್ನು ಲೆಕ್ಕಕ್ಕೆ ಹಿಡಿದರೂ ಈ ವ್ಯಾಪಾರದಲ್ಲಿ ನ್ಯಾಯ ಯಾವ ಕಡೆಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಂಚಿಕೊಂಡ ದಾರಿಯಲ್ಲಿ ಇಬ್ಬರ ಕರ್ತವ್ಯವೂ ಸಮಾನ ಎಂದು ಹೇಳುವವರುಂಟು. ಕೇಳುವುದಕ್ಕೆ ಅದು ಬಹಳ ನ್ಯಾಯವಾಗಿಯೂ ಇದೆ. ಆದರೆ ಎದುರುಬದುರಾಗಿ ಬರುವವರ ವಿಷಯದಲ್ಲಿ ಸಲ್ಲಬಹುದಾದ ಆ ಮಾತು, ಹಿಂದಿನಿಂದ ಬರುವವನ ವಿಷಯದಲ್ಲಿ ಸಲ್ಲುವುದಿಲ್ಲ. ಏಕೆಂದರೆ ಅಲ್ಲಿ ಇಬ್ಬರ ಪೈಕಿ ಒಬ್ಬನಿಗೆ ಮಾತ್ರ ಕಣ್ಣಿದೆ. ಇನ್ನು ಕೆಲವು ಕ್ಷಣಗಳಲ್ಲಿ ತಾವಿಬ್ಬರೂ ಒಂದೇ ಗೇಣು ಜಾಗದಲ್ಲಿ ಇರತಕ್ಕವರು ಎಂಬುದು ಸವಾರನಿಗೆ ಗೊತ್ತು, ನಡೆಯುವವನಿಗೆ ಗೊತ್ತಿಲ್ಲ; ಎಲ್ಲಿ ಸಂಧಿಸುವುದು, ಎಷ್ಟು ವೇಗದಲ್ಲಿ, ಯಾವ ಮಗ್ಗುಲಿನಿಂದ ಎಂಬುದನ್ನೆಲ್ಲ ನಿಶ್ಚಯಿಸುವವನೂ ಅವನೇ. ತಿಳಿದವನಿಗೂ ತಿಳಿಯದವನಿಗೂ ಒಂದೇ ಅಳತೆಯ ಹೊಣೆಯನ್ನು ಹೊರಿಸುವುದು ನ್ಯಾಯದ ಹೆಸರಿನಲ್ಲಿ ಮಾಡುವ ಅನ್ಯಾಯ. ನಮ್ಮ ಮಲೆನಾಡಿನ ಗದ್ದೆಯ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸಿಗೆ, ಬರಿಗೈಯಲ್ಲಿ ಬರುವವನು ತಾನಾಗಿಯೇ ಕೆಸರಿಗಿಳಿದು ದಾರಿ ಬಿಡುತ್ತಾನೆ. ಮುಖವೇ ಕಾಣದಂತೆ ಹೊರೆ ಮುಚ್ಚಿರುವ ಅವಳಿಗೆ ಎದುರಿಗಿರುವವನು ಕಾಣಿಸುವುದಿಲ್ಲ, ಅವನಿಗೆ ಅವಳು ಕಾಣುತ್ತಾಳೆ ಎಂಬುದರ ಹೊರತು ಆ ಪದ್ಧತಿಗೆ ಬೇರೆ ಆಧಾರವನ್ನು ಯಾರೂ ಹುಡುಕಿಲ್ಲ.

ಈ ತಕರಾರು ಬೈಸಿಕಲ್ಲಿನಷ್ಟೇ ಹಳೆಯದು. ಪೆಡಲುಗಳಿಲ್ಲದ, ನೆಲಕ್ಕೆ ಕಾಲೂರಿ ದೂಡಿಕೊಂಡು ಓಡಿಸುವ ಮರದ ಎರಡು ಗಾಲಿಯ ವಾಹನವನ್ನು ಕಾರ್ಲ್ ಡ್ರೈಸ್ ಎಂಬ ಜರ್ಮನ್ನನು 1817ರಲ್ಲಿ ಓಡಿಸಿ ತೋರಿಸಿದನು. ಎರಡೇ ವರ್ಷಗಳಲ್ಲಿ ಅದು ಲಂಡನ್ನಿನ ಶೋಕಿಲಾಲರ ಕೈಗೆ ಬಂದು, ನಡೆಯುವವರ ಕಟ್ಟೆಯ ಮೇಲೆ ಅದನ್ನು ಓಡಿಸಿದವರಿಗೆ 1819ರಲ್ಲಿಯೇ ದಂಡ ಬೀಳತೊಡಗಿತು. 1835ರ ಹೆದ್ದಾರಿಗಳ ಕಾಯಿದೆ ಕಾಲುದಾರಿಯ ಮೇಲೆ ಕುದುರೆಯನ್ನಾಗಲಿ ಗಾಡಿಯನ್ನಾಗಲಿ ನಡೆಸಕೂಡದೆಂದಿತು; ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಬೈಸಿಕಲ್ ಓಡಿಸುವುದು ಇಂಗ್ಲೆಂಡಿನಲ್ಲಿ ಇಂದಿಗೂ ಅಪರಾಧವಾಗಿರುವುದು ಆ ಹಳೆಯ ಕಾಯಿದೆಯ ಬಲದಿಂದಲೇ. 1842ರಲ್ಲಿ ಗ್ಲಾಸ್ಗೋ ನಗರದ ಪತ್ರಿಕೆಯೊಂದು, ಇಂತಹ ವಾಹನವೊಂದರ ಸವಾರನು ಕಟ್ಟೆಯ ಮೇಲೆ ಬಂದು ಒಬ್ಬ ಹುಡುಗಿಯನ್ನು ಕೆಡವಿದನೆಂದೂ, ಅವನಿಗೆ ಐದು ಷಿಲಿಂಗ್ ದಂಡವಾಯಿತೆಂದೂ ವರದಿ ಮಾಡಿತು. 1888ರಲ್ಲಿ ಪಾರ್ಲಿಮೆಂಟು ಬೈಸಿಕಲ್ಲನ್ನು ಗಾಡಿಗಳ ಪಂಕ್ತಿಗೆ ಸೇರಿಸಿ, ಯಾರನ್ನಾದರೂ ಹಿಂದೆ ಹಾಕುವುದಕ್ಕೆ ಮುಂಚೆ ಸಾಕಷ್ಟು ದೂರದಿಂದಲೇ ಗಂಟೆಯಿಂದಲೋ ಸೀಟಿಯಿಂದಲೋ ಎಚ್ಚರಿಸತಕ್ಕದ್ದೆಂದು ವಿಧಿಸಿತು. ಆ ವಿಧಿ 1930ರಲ್ಲಿ ರದ್ದಾಯಿತು. ಈಗ ಅಲ್ಲಿ ಅಂಗಡಿಯಲ್ಲಿ ಮಾರುವ ಹೊಸ ಬೈಸಿಕಲ್ಲಿಗೆ ಗಂಟೆ ಇರಲೇಬೇಕು. ಕೊಂಡವನು ಮನೆಗೆ ಹೋಗಿ ಅದನ್ನು ಕಳಚಿಹಾಕಿದರೆ ಕಾನೂನು ಕೇಳುವುದಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು 1968ರ ಗ್ರಾಮಾಂತರ ಕಾಯಿದೆಯ ಒಂದು ಸಣ್ಣ ವಿಧಿ. ಅಲ್ಲಿಯವರೆಗೆ ನಡೆಯುವವರಿಗೂ ಕುದುರೆಯೇರಿದವರಿಗೂ ಮೀಸಲಾಗಿದ್ದ ಹಳ್ಳಿಗಾಡಿನ ದಾರಿಗಳನ್ನು ಅದು ಬೈಸಿಕಲ್ ಸವಾರರಿಗೂ ತೆರೆಯಿತು. ತೆರೆಯುವಾಗಲೇ, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಟ್ಟುಕೊಡತಕ್ಕದ್ದೆಂಬ ಕಟ್ಟಳೆಯನ್ನೂ ಜೊತೆಗೆ ಹಾಕಿತು. ಪ್ರವೇಶವೂ ವಿನಯವೂ ಒಂದೇ ವಾಕ್ಯದಲ್ಲಿ ಬಂದವು. 2022ರ ಜನವರಿ 29ರಿಂದ ಜಾರಿಗೆ ಬಂದ ಹೆದ್ದಾರಿ ಸಂಹಿತೆಯ ತಿದ್ದುಪಡಿ ಇದೇ ದಿಕ್ಕಿನಲ್ಲಿ ಇನ್ನಷ್ಟು ಮುಂದೆ ಹೋಗಿ, ಯಾರಿಂದ ಹೆಚ್ಚಿನ ಹಾನಿ ಸಂಭವಿಸಬಹುದೋ ಅವರ ಮೇಲೆ ಹೆಚ್ಚಿನ ಹೊಣೆ ಎಂಬ ತತ್ತ್ವವನ್ನು ಎಲ್ಲಕ್ಕೂ ಮೊದಲು ನಿಲ್ಲಿಸಿದೆ. ಲಾರಿಗಿಂತ ಕಾರಿಗೆ, ಕಾರಿಗಿಂತ ಬೈಸಿಕಲ್ಲಿಗೆ, ಬೈಸಿಕಲ್ಲಿಗಿಂತ ಕಾಲ್ನಡಿಗೆಗೆ ಅಲ್ಲಿ ಹೆಚ್ಚಿನ ರಕ್ಷೆ. ನಡೆಯುವವರ ತೀರ ಸಮೀಪದಲ್ಲಿ, ವೇಗವಾಗಿ, ವಿಶೇಷವಾಗಿ ಹಿಂದಿನಿಂದ ಹಾದುಹೋಗಬಾರದೆಂದೂ, ಗಂಟೆಯಿಂದಾಗಲಿ ಸೌಜನ್ಯದ ಕರೆಯಿಂದಾಗಲಿ ತಾನಿರುವುದನ್ನು ತಿಳಿಸಬೇಕೆಂದೂ, ಅವರು ಕಿವುಡರೋ ಕುರುಡರೋ ಆಗಿರಬಹುದೆಂಬುದನ್ನು ನೆನಪಿನಲ್ಲಿಡಬೇಕೆಂದೂ ಅದು ಸವಾರರಿಗೆ ಹೇಳುತ್ತದೆ. ಹಾನಿಯ ಪ್ರಮಾಣವನ್ನು ಹೊಣೆಯ ಆಧಾರವಾಗಿ ಹಿಡಿದಿರುವ ಸಂಹಿತೆಗೆ, ತಿಳಿವಳಿಕೆಯ ಪ್ರಮಾಣವನ್ನೂ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಗಂಟೆಯ ವಿಷಯವನ್ನು ಇನ್ನೂ ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ ಸೌಜನ್ಯವೆಲ್ಲ ಅದರಲ್ಲಿಯೇ ಅಡಗಿದೆಯೆಂದು ಸವಾರರೂ, ಅಸಭ್ಯತೆಯೆಲ್ಲ ಅದರಲ್ಲಿಯೇ ಇದೆಯೆಂದು ನಡೆಯುವವರೂ ಭಾವಿಸಿರುವುದುಂಟು. ನಮ್ಮ ಪಟ್ಟಣಗಳ ಬೀದಿಯಲ್ಲಿ ಬೆಲ್ಲು ಹೊಡೆದರೆ ಅದರ ತಾತ್ಪರ್ಯ ದಾರಿ ಬಿಡು ಎಂಬುದೇ. ಹಾಗೆಂದು ಕೇಳಿ ಬೆಳೆದ ಕಿವಿಗೆ ಲಂಡನ್ನಿನ ಏರಿದಾರಿಯಲ್ಲಿಯೂ ಅದು ಆಜ್ಞೆಯಾಗಿಯೇ ಕೇಳಿಸುತ್ತದೆ, ಬೆಚ್ಚಿ ಪಕ್ಕಕ್ಕೆ ಜಿಗಿಯುವಂತೆ ಮಾಡುತ್ತದೆ. ನಾಲೆಗಳ ಮೇಲ್ವಿಚಾರಣೆ ಮಾಡುವವರು ಎರಡು ಸಲ ಮೆಲ್ಲಗೆ ಗಂಟೆ ಮಿಡಿಯಿರಿ ಎಂದು ಲಂಡನ್ನಿನಲ್ಲಿ ಪ್ರಚಾರ ಮಾಡಿದರು. ಜಾಗವನ್ನು ಹಂಚಿಕೊಳ್ಳಿ, ವೇಗವನ್ನು ತಗ್ಗಿಸಿ ಎಂಬ ಅರ್ಥದ ಫಲಕಗಳನ್ನು ಆಮೇಲೆ ಟ್ರಸ್ಟಿನವರು ನೆಟ್ಟರು. ಏರಿದಾರಿಯಲ್ಲಿ ನಡೆಯುವವರಿಗೇ ಮೊದಲ ಹಕ್ಕು ಎಂಬುದು ಅವರ ನಿಯಮ. ಎರಡು ಮಿಡಿತ ಒಳ್ಳೆಯದೇ. ಆದರೆ ಮಿಡಿದ ಒಡನೆಯೇ ನುಗ್ಗುವುದಾದರೆ ಎರಡಲ್ಲ, ಹತ್ತು ಮಿಡಿದರೂ ಪ್ರಯೋಜನವಿಲ್ಲ. ಇಪ್ಪತ್ತು ಮೀಟರು ದೂರದಲ್ಲಿ ಬಾರಿಸಿ, ಮುಂದಿರುವವರ ಹೆಗಲಿನಲ್ಲೋ ತಲೆಯಲ್ಲೋ ಕೇಳಿಸಿತೆಂಬ ಕುರುಹು ಕಾಣುವವರೆಗೆ ಕಾದು, ಅವರು ಸರಿದ ಮೇಲೆ ಹೋಗುವುದು ಒಂದು. ಬಾರಿಸಿದೆನೆಂಬ ಕಾರಣದಿಂದಲೇ ಹಕ್ಕು ಹುಟ್ಟಿತೆಂದು ಹೋಗುವುದು ಇನ್ನೊಂದು. ಮೊದಲನೆಯದನ್ನು ಮಾಡುವವರು ಅಲ್ಲಿ ಅನೇಕರಿದ್ದಾರೆ. ಅವರು ಬಂದುದೂ ಹೋದುದೂ ಯಾರ ಗಮನಕ್ಕೂ ಬಾರದಿರುವುದರಿಂದ ಅವರ ಹೆಸರು ಕೆಡುವುದು ಇತರರಿಂದ.

ಗಂಟೆಯನ್ನು ಕೇಳಲಾರದವರ ಪ್ರಶ್ನೆ ಬೇರೆ. ಬಿಳಿಯ ಕೋಲನ್ನು ಅಂಧರ ಗುರುತೆಂದು ಎಲ್ಲರೂ ಬಲ್ಲರು. ಅದೇ ಕೋಲಿನ ಮೇಲೆ ಕೆಂಪು ಪಟ್ಟೆಗಳಿದ್ದರೆ, ಹಿಡಿದವರಿಗೆ ಕಣ್ಣೂ ಕಿವಿಯೂ ಎರಡೂ ಕುಂದಿವೆಯೆಂದು ಬ್ರಿಟನ್ನಿನಲ್ಲಿ ಅರ್ಥ. ಇದನ್ನು ತಿಳಿಯದ ಸವಾರನು ಮತ್ತೆ ಮತ್ತೆ ಗಂಟೆ ಬಾರಿಸಿ, ಸರಿಯದಿರುವುದನ್ನು ಹಟವೆಂದು ಬಗೆದು, ಸಿಟ್ಟಿನಿಂದ ಉಜ್ಜಿಕೊಂಡು ಹೋಗಬಹುದು. ಕಣ್ಣಿಲ್ಲದವರು ಲೋಕವನ್ನು ಓದುವುದು ಸದ್ದಿನಿಂದ. ಮೋಟಾರು ಸದ್ದು ಮಾಡಿಕೊಂಡು ಬರುತ್ತದೆ, ಎಣ್ಣೆ ಬಿಟ್ಟು ಹಸನಾಗಿಟ್ಟ ಬೈಸಿಕಲ್ಲು ಗಾಳಿಯಂತೆ ಬರುತ್ತದೆ. ವಿದ್ಯುತ್ತಿನ ನೆರವಿನಿಂದ ಗಂಟೆಗೆ 25 ಕಿಲೋಮೀಟರಿನವರೆಗೆ ದಣಿವಿಲ್ಲದೆ ಸಾಗುವ ಬೈಸಿಕಲ್ಲುಗಳು ಹೆಚ್ಚಿರುವ ಈ ದಿನಗಳಲ್ಲಿ ಅವರ ಭಯವನ್ನು ಅತಿಯೆಂದು ತಳ್ಳಿಹಾಕುವ ಹಾಗಿಲ್ಲ. ಇಂತಹ ಕಡೆ ಮನುಷ್ಯನ ಕಂಠಕ್ಕಿರುವ ಗುಣ ಯಾವ ಗಂಟೆಗೂ ಇಲ್ಲ. ನಿಮ್ಮ ಬಲಗಡೆಯಿಂದ ಹೋಗುತ್ತೇನೆ ಎಂದು ಮೊದಲೇ ಹೇಳುವ ಸ್ವರ ಇಂತಹ ಕಡೆಯಿಂದ, ಇಷ್ಟು ದೂರದಿಂದ, ಇಂತಹ ಮನಸ್ಸಿನವನಿಂದ ಬಂತು ಎಂಬುದನ್ನೆಲ್ಲ ಒಮ್ಮೆಗೇ ತಿಳಿಸುತ್ತದೆ. ಕಿವಿಯೂ ಕೇಳದವರ ವಿಷಯದಲ್ಲಿ ಇಳಿದು ತಳ್ಳಿಕೊಂಡು ಹೋಗುವುದೊಂದೇ ದಾರಿ, ಅದಕ್ಕೆ ಹಿಡಿಯುವುದು ಅರ್ಧ ನಿಮಿಷ.

ನಡೆಯುವವರಿಗೆ ಹೇಳಬೇಕಾದುದು ಏನೂ ಇಲ್ಲವೆಂದಲ್ಲ. ನಾಲ್ಕು ಜನ ಸಾಲಾಗಿ ದಾರಿಯ ಪೂರ್ತಿ ಅಗಲವನ್ನು ಹಿಡಿದು ನಡೆಯುವುದು, ಎರಡೂ ಕಿವಿಗೆ ಹಾಡು ತುಂಬಿಕೊಂಡು ಹೋಗುವುದು, ನಾಯಿ ಒಂದು ಅಂಚಿನಲ್ಲಿ, ತಾವು ಇನ್ನೊಂದು ಅಂಚಿನಲ್ಲಿ, ನಡುವೆ ಕಣ್ಣಿಗೆ ಕಾಣದ ತೆಳುವಾದ ಹಗ್ಗ, ಇವು ಮೂರೂ ಏರಿದಾರಿಯಲ್ಲಿ ದಿನವೂ ಕಾಣುವ ದೃಶ್ಯಗಳು. ಹಗ್ಗದ ಪ್ರಸಂಗವಂತೂ ಸವಾರನನ್ನು ನಾಲೆಗೇ ಕೆಡವಬಲ್ಲುದು. ಸರಿದು ನಿಂತವರಿಗೆ ಸವಾರನು ವಂದನೆ ಹೇಳುವಂತೆ, ನಿಧಾನಿಸಿದ ಸವಾರನಿಗೆ ನಡೆಯುವವರೂ ತಲೆಯಾಡಿಸಿದರೆ ಅವನು ಮುಂದಿನ ಸೇತುವೆಯ ಬಳಿ ಇನ್ನಷ್ಟು ಸಂತೋಷದಿಂದ ನಿಧಾನಿಸುತ್ತಾನೆ. ಇಷ್ಟು ಸಾಕು.

ಆದರೆ ಸೌಜನ್ಯದಿಂದ ಎಲ್ಲವೂ ಆಗುವುದಿಲ್ಲ; ಆಗುತ್ತದೆಂದು ಹೇಳುವುದು ಅಧಿಕಾರದಲ್ಲಿರುವವರಿಗೆ ಬಹಳ ಅನುಕೂಲವಾದ ಮಾತು. 2020ರಲ್ಲಿ ಇಂಗ್ಲೆಂಡಿನ ಸಾರಿಗೆ ಇಲಾಖೆ ಹೊರಡಿಸಿದ ವಿನ್ಯಾಸ ಸೂತ್ರಗಳು, ಬೈಸಿಕಲ್ಲನ್ನು ವಾಹನವೆಂದೇ ಎಣಿಸಬೇಕು, ನಗರದ ಬೀದಿಗಳಲ್ಲಿ ಅದನ್ನು ಕಾಲ್ನಡಿಗೆಯವರಿಂದ ಬೇರ್ಪಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿದವು. ಹಂಚಿಕೊಳ್ಳಲೇಬೇಕಾದ ದಾರಿಗೆ ಕನಿಷ್ಠ 3 ಮೀಟರು ಅಗಲ, ಗಂಟೆಗೆ 300ಕ್ಕಿಂತ ಹೆಚ್ಚು ಬೈಸಿಕಲ್ಲುಗಳು ಹೋಗುವ ಕಡೆ 4.5 ಮೀಟರು ಎಂಬುದು ಅವುಗಳ ಶಿಫಾರಸು. ಕುದುರೆಗೆಂದು ಕಟ್ಟಿದ ಏರಿದಾರಿ ಹಲವು ಕಡೆ 2 ಮೀಟರನ್ನೂ ಮುಟ್ಟುವುದಿಲ್ಲ, ಸೇತುವೆಗಳ ಕೆಳಗೆ ಇನ್ನೂ ಕಡಿಮೆ. ಒಂದು ಕಡೆ ನೀರು, ಒಂದು ಕಡೆ ಗೋಡೆ, ಅಗಲಿಸಲು ಅವಕಾಶವಿಲ್ಲ. ಅಲ್ಲಿ ವೇಗದ ಸವಾರರನ್ನು ಹೊರಗೆ ಸೆಳೆಯಬೇಕಾದರೆ ಸಮಾನಾಂತರವಾದ ರಸ್ತೆಗಳಲ್ಲಿ ಅವರಿಗೆ ನಿರ್ಭಯವಾದ ಪಥವನ್ನು ಕಟ್ಟಿಕೊಡಬೇಕು. ಅದನ್ನು ಮಾಡದೆ ಏರಿದಾರಿಯ ಬಾಯಿಗೆ ಕಬ್ಬಿಣದ ಅಡ್ಡಗಟ್ಟುಗಳನ್ನು ನೆಡುವುದು ಅಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ವೇಗದ ಹುಡುಗನು ಅವುಗಳನ್ನು ನುಣುಚಿಕೊಂಡು ಹೋಗುತ್ತಾನೆ. ಗಾಲಿಕುರ್ಚಿಯವರೂ, ಕಾಲಿನಲ್ಲಿ ಬಲವಿಲ್ಲದೆ ಮೂರು ಗಾಲಿಯ ಸೈಕಲ್ಲನ್ನು ನಚ್ಚಿದವರೂ, ಅವಳಿ ಮಕ್ಕಳ ಗಾಡಿ ತಳ್ಳುವ ತಾಯಿಯೂ ಅಲ್ಲಿಯೇ ನಿಲ್ಲುತ್ತಾರೆ.

ಅಗಲವಿರುವ ಕಡೆ ಮಾಡಿರುವ ಏರ್ಪಾಡೊಂದನ್ನು ಕಂಡು ನನಗೆ ನಿಜವಾಗಿಯೂ ಗೌರವ ಹುಟ್ಟಿತು. ನಡೆಯುವವರಿಗೊಂದು, ಬೈಸಿಕಲ್ಲಿಗೊಂದು ಎಂದು ಒಂದೇ ದಾರಿಯನ್ನು ಸೀಳಿರುವಲ್ಲಿ ಎರಡರ ಬಾಯಲ್ಲಿಯೂ ಉಬ್ಬುಗೆರೆಗಳುಳ್ಳ ಚಪ್ಪಡಿಗಳನ್ನು ಹಾಸಿರುತ್ತಾರೆ. ನಡೆಯುವವರ ಪಾಲಿನಲ್ಲಿ ಆ ಗೆರೆಗಳು ದಾರಿಗೆ ಅಡ್ಡಲಾಗಿ ಏಣಿಯ ಮೆಟ್ಟಿಲುಗಳಂತೆ ಬರುತ್ತವೆ, ಸವಾರರ ಪಾಲಿನಲ್ಲಿ ದಾರಿಯುದ್ದಕ್ಕೂ ಹಳಿಗಳಂತೆ. ಕಣ್ಣಿಲ್ಲದವರು ಪಾದದಿಂದಲೇ ಅದನ್ನು ಓದಿಕೊಂಡು ತಮ್ಮ ಪಾಲನ್ನು ಸೇರುತ್ತಾರೆ. ಎರಡು ಪಾಲುಗಳ ನಡುವೆ ಬರಿಯ ಬಿಳಿಯ ಗೆರೆಯನ್ನು ಬಳಿದು ಬಿಡದೆ, ಕೋಲಿಗೆ ತಗಲುವಂತೆ ಸ್ವಲ್ಪ ಎತ್ತರಿಸಿದ ಪಟ್ಟಿಯನ್ನು ಇಟ್ಟಿರುತ್ತಾರೆ. ಗಾಲಿಯು ದಾಟಬಲ್ಲಷ್ಟು ತಗ್ಗು, ಕೋಲು ತಪ್ಪದಷ್ಟು ಎತ್ತರ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಯಾರೋ, ಅವರು ಒಂದು ದಿನವಾದರೂ ಕಣ್ಣು ಮುಚ್ಚಿಕೊಂಡು ನಡೆದು ನೋಡಿದ್ದಿರಬೇಕು ಎನಿಸುತ್ತದೆ.

ನಮ್ಮಲ್ಲಿಯೂ ಈ ಪ್ರಶ್ನೆ ಬಂದು ನಿಂತಿದೆ. ತೆರಿಗೆ ಕಟ್ಟಿ ಪಡೆದ ಪುರಸಭೆಯ ಬಿಲ್ಲೆಯಿಲ್ಲದೆ, ಸಂಜೆಯಾದ ಮೇಲೆ ದೀಪವಿಲ್ಲದೆ ಸೈಕಲ್ ಏರಿದರೆ ಪೊಲೀಸಿನವರು ಹಿಡಿಯುತ್ತಿದ್ದ ಕಾಲ ಹಿರಿಯರಿಗೆ ನೆನಪಿದ್ದೀತು. ಆ ಶಿಸ್ತೂ ಹೋಯಿತು, ರಸ್ತೆಯಿಂದ ಸೈಕಲ್ಲೂ ಬಹುಮಟ್ಟಿಗೆ ಹೋಯಿತು. 2017ರಲ್ಲಿ ಮೈಸೂರು ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬೈಸಿಕಲ್ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವು ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ 2021ರಲ್ಲಿ ಒಂದು ಮಸೂದೆಯ ಕರಡನ್ನು ಸಿದ್ಧಪಡಿಸಿತು. ನಡೆಯುವವರನ್ನೂ ಸೈಕಲ್ಲಿನವರನ್ನೂ ಒಂದೇ ಕಾಗದದಲ್ಲಿ ಸೇರಿಸಿದ್ದು ಸರಿಯಾಗಿಯೇ ಇದೆ, ಏಕೆಂದರೆ ಕಟ್ಟೆಯ ಮೇಲೇರಿ ಬರುವ ಮೋಟಾರ್ ಸೈಕಲ್ಲಿನ ಎದುರಿನಲ್ಲಿ ಇಬ್ಬರೂ ಒಂದೇ ಪಕ್ಷದವರು. ಆದರೆ ಬೆಂಗಳೂರಿನ ಕೆರೆಗಳ ಏರಿಯ ಮೇಲೆ, ಉದ್ಯಾನಗಳ ಬಾಗಿಲಿನಲ್ಲಿ, ಸೈಕಲ್ ಪ್ರವೇಶ ನಿಷೇಧಿಸಿದೆ ಎಂಬ ಫಲಕ ಸಾಮಾನ್ಯವಾಗಿಬಿಟ್ಟಿದೆ. ಬೆಳಗಿನ ಹೊತ್ತು ನಡೆಯಲು ಬರುವ ವೃದ್ಧರ ನೆಮ್ಮದಿಗಾಗಿ ಹಾಕಿದ ಫಲಕ ಅದು. ಅವರ ನೆಮ್ಮದಿ ಅಮೂಲ್ಯವಾದುದೆಂಬುದನ್ನು ನಾನು ಮೇಲೆಯೇ ಒಪ್ಪಿದ್ದೇನೆ. ಆದರೂ ಸೈಕಲ್ ಕಲಿಯುತ್ತಿರುವ ಎಂಟು ವರ್ಷದ ಮಗುವನ್ನು ಆ ಫಲಕ ಕಳುಹಿಸುವುದು ಎಲ್ಲಿಗೆ? ಟ್ಯಾಂಕರುಗಳೂ ಆಟೋಗಳೂ ಓಡಾಡುವ ರಸ್ತೆಗೆ.

ಅಗಲವಾದ ಏರಿಗಳಿರುವ ಕೆರೆಗಳಲ್ಲಿ ಇದಕ್ಕಿಂತ ಉತ್ತಮವಾದುದನ್ನು ಮಾಡಬಹುದು. ವೃದ್ಧರು ಬರುವ ಬೆಳಗಿನ ಹೊತ್ತನ್ನು ಸಂಪೂರ್ಣವಾಗಿ ನಡಿಗೆಗೆ ಬಿಟ್ಟು, ಶಾಲೆ ಮುಗಿದ ಮೇಲಿನ ಎರಡು ಗಂಟೆ ಮಕ್ಕಳ ಸೈಕಲ್ಲುಗಳಿಗೆ ಅವಕಾಶ ಕೊಡಬಹುದು. ನೀರಿನ ಕಡೆಯ ಅರ್ಧವನ್ನು ನಡೆಯುವವರಿಗೆ, ಹೊರಗಿನ ಅರ್ಧವನ್ನು ಗಾಲಿಗಳಿಗೆ ಎಂದು ಕೋಲಿಗೆ ತಗಲುವ ಪಟ್ಟಿಯೊಂದನ್ನು ಹಾಕಬಹುದು. ನಿಷೇಧದ ಫಲಕದ ಜಾಗದಲ್ಲಿ, ಹಿಂದಿನಿಂದ ಬರುವಾಗ ನಿಧಾನಿಸಿ, ದೂರದಿಂದಲೇ ಕೂಗಿ ಹೇಳಿ ಎಂದು ದೊಡ್ಡಕ್ಷರದಲ್ಲಿ ಬರೆಸಬಹುದು. ಹಾಗೆ ಕೂಗಿ ಹೇಳುವುದನ್ನು ಎಂಟನೆಯ ವಯಸ್ಸಿನಲ್ಲಿ ಕೆರೆಯ ಏರಿಯ ಮೇಲೆ ಕಲಿತ ಮಗು ಹದಿನೆಂಟರಲ್ಲಿ ಮೋಟಾರ್ ಸೈಕಲ್ ಏರುತ್ತದೆ, ಕಟ್ಟೆಯ ಮೇಲೆ ಯಾರು ನಡೆಯುತ್ತಾರೆಂಬುದು ಅಷ್ಟರಲ್ಲಿ ಅದಕ್ಕೆ ತಿಳಿದಿರುತ್ತದೆ. ನಿಷೇಧದ ಫಲಕವಾಗಲಿ ಈ ಫಲಕವಾಗಲಿ, ಬರೆಸುವ ಖರ್ಚು ಎರಡಕ್ಕೂ ಒಂದೇ. ನಮ್ಮ ವಾರ್ಡುಗಳ ಸಮಿತಿಗಳೂ ಕೆರೆಗಳ ಅಭಿಮಾನಿ ಬಳಗಗಳೂ ಇದನ್ನು ಒಂದು ಏರಿಯ ಮೇಲೆ, ಒಂದು ಮಳೆಗಾಲದ ಮಟ್ಟಿಗಾದರೂ, ನಡೆಯುವ ಹಿರಿಯರನ್ನೂ ಮಕ್ಕಳನ್ನೂ ಮೊದಲೇ ಕೂರಿಸಿಕೊಂಡು ಮಾತನಾಡಿ, ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.